ಒರಟು ನಾರಿಗೆ ಇದ್ದ ಹೆಸರು

…ಬಸ್ಸೇನೋ ಸಿಕ್ತು ಕಣೇ ತೈಮಿ. ಕಾಲು ಗಂಟೆ ತಡ. ಹಾಲಿನ ಡಬ್ಬ ಇಡೋ ಕಟ್ಟೆ ಇದೆಯಲ್ಲ, ಅಲ್ಲೇ ನಾನೂ ಆ ಹೆಲ್ಸಿಂಕಿ ಆಯಮ್ಮನೂ ಕೂತಿದ್ವಿ. ಮಳೆ ಬರುತ್ತೋ ಇಲ್ವೋ, ಆಲೂಗಡ್ಡೆ ಕಿತ್ತಾಯ್ತಾ, ಅಂಥದೇ ಮಾತು. ಆಮೇಲೆ ಬಸ್ಸು ಬಂತು. ಆ ಧ್ವನಿ ಹಿಡಿಯೋ ಪೆಟ್ಟಿಗೆ ಎಷ್ಟು ಭಾರ ಅಂತೀಯ, ಡ್ರೈವರ್ರೇ ಇಳಿದು ಬಂದು ಎತ್ತಿಟ್ಟ. ಹೋದ್ರು. ಹೋಗಿಬರ್ತೀನಿ ಅಂತ ತೈಮಿಗೂ ಹೇಳಿ ಅಂದ್ರು ಆಯಮ್ಮ.

ಏನು ಹಾಗೆ ನೋಡ್ತಿದ್ದೀಯ? ಅಷ್ಟೇ. ಇನ್ನೇನೂ ಹೇಳಲಿಲ್ಲ.

ನೀನಿನ್ನೂ ಆ ನಾರು ಬಾಚೋ ಹಣಿಗೆ ಬಿಟ್ಟಿಲ್ವಾ? ಆಯಮ್ಮನಿಗೆ ತೋರಿಸೋಕೆ ಅಂತ ಅಟ್ಟದಿಂದ ಇಳಿಸಿದ್ದು ಅದು. ತೋರಿಸಿದ್ದಾಯ್ತು, ಆಯಮ್ಮ ಹೋಗಿದ್ದೂ ಆಯ್ತು. ಹನ್ನೊಂದು ವರ್ಷದ ಹಳೇ ಅಗಸೆ ನಾರು, ಅದನ್ನ ಬಾಚಿ ಈಗ ಯಾರಿಗೆ ನೇಯ್ಬೇಕು? ಸರಿ, ಬಾಚು. ಕೈಗೆ ಏನಾದ್ರೂ ಬೇಕು ನಿನಗೆ. ನಾನು ಕಾಫಿ ಬಿಸಿ ಮಾಡ್ತೀನಿ. ಏಲಕ್ಕಿ ಬನ್ನು ನಾಲ್ಕು ಉಳಿದಿದೆ. ಹೆಲ್ಸಿಂಕಿಯವರು ತಿನ್ನೋದೇ ಕಮ್ಮಿ ಅಂತ ಕಾಣುತ್ತೆ. ಒಂದು ತಿಂದ್ರು, ಅದನ್ನೂ ಮುರಿದು ಮುರಿದು.

ಆದ್ರೂ ಒಳ್ಳೆ ಹೆಂಗಸು. ಡಾಕ್ಟರ್ ಅಂತ ಕರೀಬೇಕಂತೆ, ಓಸ್ಕಾರಿ ಹೇಳಿದ. ಸೂಜಿ ಚುಚ್ಚೋ ಡಾಕ್ಟರ್ ಅಲ್ಲ, ಮಾತಿನ ಡಾಕ್ಟರ್. ನಾನು ಹೆಸರು ಹಿಡಿದು ಇರ್ಯಾ ಅಂತಲೇ ಕರೆದೆ, ಏನೂ ಅಂದ್ಕೊಳ್ಳಲಿಲ್ಲ. ಮೊದಲ ದಿನ ಅವರ ಮುಖ ನೋಡಿದ್ಯಾ ನೀನು? ನಾನು ಆ ಪದ ಅಂದಾಗ? ಇಲ್ಲೇ, ಈ ಮೇಜಿನ ಹತ್ರ ಕೂತು, ಒಂದು ಎಳೆ ಹಿಡಿದು ಕೇಳಿದ್ರು. ಇದು ನುಣುಪು ನಾರು, ಸರಿ. ಹಣಿಗೆ ಹಲ್ಲಿಗೆ ಸಿಕ್ಕಿ ಉಳಿಯೋ ಈ ಒರಟು ನಾರಿಗೆ ನಿಮ್ಮ ಊರಲ್ಲಿ ಏನಂತೀರಿ? ನಾನಂದೆ, ರೊಶ್ತಿನ್. ಇನ್ನೊಂದ್ಸಲ ಹೇಳಿ ಅಂದ್ರು. ರೊಶ್ತಿನ್ ಅಂದೆ. ಮೂರು ಸಲ ಹೇಳಿಸಿದ್ರು. ಬಾಯಿ ಮೇಲೆ ಕೈ ಇಟ್ಕೊಂಡು ಕೂತುಬಿಟ್ರು ಕಣೇ, ಮಗು ಹುಟ್ಟಿದ ಸುದ್ದಿ ಕೇಳಿದವರ ಹಾಗೆ.

ಬೇರೆ ಊರಲ್ಲೆಲ್ಲ ರೊಹ್ತಿನ್ ಅಂತಾರೆ, ಅದು ನಮಗೂ ಗೊತ್ತು. ಈ ಕಡೆ ದಡ, ಸಮುದ್ರ ಕೊಲ್ಲಿಯ ಆ ಕಡೆ ದೇಶದ ದಡ, ಎಲ್ಲೆಲ್ಲೂ ಮಧ್ಯೆ ಹ್ ಅಂತಲೇ ಇದೆಯಂತೆ. ಆದ್ರೆ ತುಂಬಾ ಹಿಂದೆ, ಎರಡು ಸಾವಿರ ವರ್ಷ ಅಂದ್ರೋ, ಇನ್ನೂ ಹೆಚ್ಚೋ, ನಾವು ಆ ದಡದವರು ಎಲ್ಲ ಒಂದೇ ಜನ ಆಗಿದ್ದಾಗ, ಅಲ್ಲಿ ಶ್ ಇತ್ತಂತೆ. ಇದ್ದಿರಬೇಕು ಅಂತ ಇವರ ಲೆಕ್ಕಾಚಾರ. ಯಾರೂ ಕಿವಿಯಲ್ಲಿ ಕೇಳಿದ್ದಲ್ಲ. ಹಾಗೆ ಯಾರೂ ಕೇಳದೇ ಇರೋ ಪದಕ್ಕೆ ಮುಂದೆ ಒಂದು ನಕ್ಷತ್ರ ಬರೀತಾರಂತೆ, ಇದು ಬರೀ ಊಹೆ ಅಂತ ಗುರುತಿಗೆ. ಏಳು ವರ್ಷದಿಂದ ಆಯಮ್ಮ ಅದನ್ನೇ ಹುಡುಕ್ತಿದ್ದಾರೆ. ಈಗ ನಮ್ಮ ಊರಲ್ಲಿ, ಈ ಅಡುಗೆಮನೇಲಿ, ಒಬ್ಬ ಮುದುಕಿ ಬಾಯಲ್ಲಿ ಆ ಶ್ ಸಿಕ್ತು.

ನಗ್ಬೇಡ. ನಗ್ತಿಲ್ವಾ? ನಕ್ಕ ಹಾಗೆ ಕಾಣಿಸ್ತು.

ಓಸ್ಕಾರಿ ಮಾಡಿದ ಕೆಲಸ ಇದೆಲ್ಲ. ಪೇಪರಿನಲ್ಲಿ ಯಾವುದೋ ಪ್ರಶ್ನೆಪಟ್ಟಿ ಬಂದಿತ್ತಂತೆ, ಅಗಸೆ ಕೆಲಸದ ಹಳೇ ಪದ ಬರೆದು ಕಳಿಸಿ ಅಂತ. ಚರ್ಚಿನ ಗಂಟೆ ಹೊಡೆಯೋ ಕೆಲಸ ಬಿಟ್ಟ ಮೇಲೆ ಅವನಿಗೆ ಹೊತ್ತು ಹೋಗ್ಬೇಕಲ್ಲ. ಬರೆದು ಕಳಿಸಿದ. ನಮ್ಮ ಊರವರು ಹೀಗಂತಾರೆ, ಬೇಕಾದ್ರೆ ಅಗಸೆ ಮನೆ ಹುಲ್ಡಾನ ಕೇಳಿ ಅಂತ ನನ್ನ ಹೆಸರೂ ಸೇರಿಸಿದ. ಆಯಮ್ಮ ಅಂಗಡಿ ಹತ್ರದ ಎವೆಲೀನಾನ ಕೇಳಿದ್ರಂತೆ, ಅವಳೂ ಹೌದು ಅಂದ್ಲಂತೆ. ಆ ಕಡೆ ಕೇರಿಯ ಅಣ್ಣತಮ್ಮಂದಿರು ಇಬ್ಬರೂ ಹೌದು ಅಂದ್ರಂತೆ. ಇಡೀ ಊರು ರೊಶ್ತಿನ್ ಅನ್ನುತ್ತೆ. ಅಂದ ಮೇಲೆ ಅದು ಊರಿನ ಪದ ತಾನೇ? ಸುಳ್ಳು ಎಲ್ಲಿ ಬಂತು ಇದರಲ್ಲಿ?

ನಿಮಗೆ ಯಾರಿಂದ ಬಂತು ಈ ಪದ ಅಂತ ನನ್ನ ಕೇಳಿದ್ರು. ಆ ಧ್ವನಿ ಯಂತ್ರ ತಿರುಗ್ತಾ ಇತ್ತು. ಅದು ತಿರುಗ್ತಾ ಇದ್ರೆ ಮನುಷ್ಯರಿಗೆ ಏನಾದ್ರೂ ಹೇಳ್ಬೇಕು ಅನ್ನಿಸುತ್ತೆ ಕಣೇ, ಸುಮ್ನೆ ಕೂರೋಕಾಗಲ್ಲ. ಅಜ್ಜಿಯಿಂದ ಅಂದೆ. ಹೌದು, ಅಜ್ಜಿ ಅಂದೆ. ನೀನು ಅಲ್ಲೇ ಒಲೆ ಹತ್ರ ಇದ್ದೆ, ಕೇಳಿಸ್ಕೊಂಡಿರ್ತೀಯ. ಅಜ್ಜಿ ಹಾಗೆ ಅಂತಿರಲಿಲ್ಲ, ಗೊತ್ತು. ಅಜ್ಜಿ ಬಾಯಲ್ಲಿ ಸ್ಪಷ್ಟವಾಗಿ ರೊಹ್ತಿನ್ ಅಂತಲೇ ಇತ್ತು. ಸತ್ತು ಐವತ್ತು ವರ್ಷ ಆಯ್ತು, ಅವಳಿಗೇನು ನಷ್ಟ? ಇನ್ನೇನು ಹೇಳ್ಬೇಕಿತ್ತು ನಾನು? ನನ್ನ ತಂಗಿಗೆ ಹುಟ್ಟುವಾಗಲೇ ಮೇಲ್ತುಟಿ ಸೀಳಿತ್ತು, ಅಂಗಳಿನಲ್ಲೂ ಬಿರುಕು, ಅವಳು ಹ್ ಅನ್ನೋಕೆ ಹೋದ್ರೆ ಗಾಳಿ ಆ ಸಂದಿಯಲ್ಲಿ ನುಗ್ಗಿ ಶ್ ಅಂತಿತ್ತು, ಅದೇ ನೀವು ಹುಡುಕ್ತಿರೋ ಎರಡು ಸಾವಿರ ವರ್ಷದ ಅಕ್ಷರ ಅಂತ ಹೇಳ್ಬೇಕಿತ್ತಾ? ನಿನ್ನನ್ನೇ ಎದುರಿಗೆ ಇಟ್ಕೊಂಡು?

ನಿನ್ನ ಮರ್ಯಾದೆಗೋಸ್ಕರವೇ ಹೇಳಲಿಲ್ಲ ನಾನು.

ತಗೋ, ಕಾಫಿ. ಬಿಸಿ ಇದೆ.

ನಿನ್ನ ವಿಷಯ ಕೇಳಿದ್ರು. ನಿಮ್ಮ ತಂಗಿ ಮಾತಾಡಲ್ವಾ ಅಂತ. ಎಲ್ಲರಿಗೂ ಹೇಳೋದನ್ನೇ ಹೇಳಿದೆ. ಹದಿನಾರನೇ ವಯಸ್ಸಿನಲ್ಲಿ ಒಂದು ಜ್ವರ ಬಂತು, ಆಮೇಲೆ ಮಾತು ನಿಂತುಹೋಯ್ತು ಅಂದೆ. ಜ್ವರ ಬಂದಿತ್ತಲ್ಲ. ಬಂದಿತ್ತು. ಮಾತು ನಿಂತ ಮೇಲೆ ಬಂತೋ, ಮೊದಲೇ ಬಂತೋ, ಅದನ್ನೆಲ್ಲ ಯಾರು ನೆನಪಿಟ್ಕೊಂಡಿರ್ತಾರೆ. ನಲವತ್ತೆರಡು ವರ್ಷ. ಅಂಗಡಿಯಲ್ಲಿ, ಪಾದ್ರಿ ಹತ್ರ, ಪಶು ಡಾಕ್ಟರ್ ಹತ್ರ, ನಮ್ಮಿಬ್ಬರ ಮಾತನ್ನೂ ನಾನೊಬ್ಬಳೇ ಆಡಿದ್ದೀನಿ. ಬಾಯಿ ನೋಯುತ್ತೆ ಅಂತ ಒಂದಿನ ಅಂದಿಲ್ಲ.

ಚಿಕ್ಕವಳಿದ್ದಾಗ ನೀನು ಎಷ್ಟು ಮಾತಾಡ್ತಿದ್ದೆ. ಈಗಿನವರಿಗೆ ಹೇಳಿದ್ರೆ ನಂಬಲ್ಲ. ಅಮ್ಮ ಚಮಚದಲ್ಲಿ ಹಾಲು ಕುಡಿಸಿ, ಮೂಗಿನಿಂದ ವಾಪಸ್ಸು ಬಂದದ್ದನ್ನ ಒರೆಸಿ, ಮತ್ತೆ ಕುಡಿಸಿ, ಹಾಗೆ ಬದುಕಿಸಿದ ಮಗು ನೀನು. ಬಾಯಿ ಬಂದ ಮೇಲೆ ನಿಲ್ಲಿಸಲೇ ಇಲ್ಲ. ಕರುಗಳ ಹತ್ರ ಮಾತು, ಬೆಕ್ಕಿನ ಹತ್ರ ಮಾತು, ಸರೋವರದ ಕಡೆ ತಿರುಗಿ ಏನೋ ಕತೆ. ಅಮ್ಮನಿಗೆ ಅರ್ಥ ಆಗ್ತಿತ್ತು, ನನಗೂ ಆಗ್ತಿತ್ತು. ಹೊರಗಿನವರಿಗೆ ಮೊದಮೊದಲು ಕಷ್ಟ. ಊರವರನ್ನೆಲ್ಲ ಸೇರಿಸಿ ಓದಿನ ಪರೀಕ್ಷೆ ಮಾಡೋಕೆ ಪಾದ್ರಿ ನಮ್ಮ ಮನೆಗೆ ಬಂದಾಗ ನೀನು ಇಡೀ ಪುಟ ಓದಿದೆ. ಹಿಂದೆ ಕೂತ ಗಂಡಸರು ಕೆಮ್ಮಿದ್ರು. ಪಾದ್ರಿ ತಲೆ ಎತ್ತಿ ನೋಡಿದ್ರು, ಕೆಮ್ಮು ನಿಂತುಹೋಯ್ತು. ತೈಮಿ ಚೆನ್ನಾಗಿ ಓದ್ತಾಳೆ ಅಂತ ಪುಸ್ತಕದಲ್ಲಿ ಬರೆದ್ರು. ಅಪ್ಪ ಅವತ್ತು ಹೊರಗೆ ಹೋಗಿ ಸೌದೆ ಒಡೆದ, ಒಡೆಯೋ ಅಗತ್ಯವೇ ಇರಲಿಲ್ಲ. ಅಳು ತಡ್ಕೊಳ್ಳೋಕೆ.

ಆ ಪದ ಹೇಗೆ ಊರೆಲ್ಲ ಹಬ್ಬಿತು ಅಂದ್ರೆ… ನೀನು ತಾನೇ ಅದನ್ನ ದಿನಾ ಅಂತಿದ್ದೆ. ಬೇರೆಯವರಿಗೆ ಅದು ಚಾಕರಿಯವರ ಅಂಗಿಗೆ, ಗೋಣಿಚೀಲಕ್ಕೆ ಆಗೋ ಕಸ. ನೀನು ಅದನ್ನೂ ವಿಂಗಡಿಸ್ತಿದ್ದೆ. ಇದು ಚೀಲಕ್ಕೆ, ಇದು ಹಾಸಿಗೆಗೆ, ಇದು ದೋಣಿಗೆ. ದೋಣಿ ಹಲಗೆ ಸಂದಿಗೆ ಟಾರಿನಲ್ಲಿ ಅದ್ದಿ ತುರುಕೋಕೆ ಉದ್ದ ಎಳೆ ಬೇಕು, ತೊಗಟೆ ಚೂರು ಇರಬಾರದು. ಅದಕ್ಕೆ ತಾನೇ ಅರ್ವಿ ನಮ್ಮ ಮನೆಗೆ ಬರೋಕೆ ಶುರು ಮಾಡಿದ್ದು.

ಅವನ ಮಾತು ಎತ್ತಬಾರದಿತ್ತೇನೋ. ಹತ್ತು ವರ್ಷದಿಂದ ನನ್ನ ಗಂಡನ ಸಮಾಧಿಗೆ ನೀನೇ ಹೂ ಇಡ್ತಿದ್ದೀಯ, ನಾನು ಬೇಡ ಅಂದಿದ್ದೀನಾ? ಎತ್ತಿದ್ರೆ ಏನಾಯ್ತು.

ಬಂದ ಮೊದಲ ವರ್ಷ ಅವನಿಗೆ ಇಪ್ಪತ್ತೈದಿರಬೇಕು. ಸರೋವರದ ಆಚೆ ದಡದ ದೋಣಿಕಟ್ಟೋ ಮನೆಯವನು, ಬೆರಳಿನ ಸಂದಿಯಲ್ಲೆಲ್ಲ ಟಾರು. ವಸಂತದಲ್ಲಿ ಒಂದ್ಸಲ, ಸುಗ್ಗಿ ಮುಗಿದ ಮೇಲೆ ಒಂದ್ಸಲ ಬರ್ತಿದ್ದ. ಅಪ್ಪನ ಹತ್ರ ಎರಡು ಮಾತು, ಆಮೇಲೆ ನಿನ್ನ ಬೆಂಚಿನ ಪಕ್ಕ ಬಂದು ಕೂರ್ತಿದ್ದ. ನೀನು ನಾರು ತೋರಿಸ್ತಾ ಹೇಳ್ತಿದ್ದೆ, ಅವನು ನಿನ್ನ ಮುಖ ನೋಡ್ಕೊಂಡು ಕೇಳ್ತಿದ್ದ. ಬೇರೆ ಗಂಡಸರೆಲ್ಲ ನಿನ್ನ ಹತ್ರ ಮಾತಾಡುವಾಗ ನಿನ್ನ ಭುಜ ನೋಡ್ತಿದ್ರು, ಕಿಟಕಿ ನೋಡ್ತಿದ್ರು. ಅವನು ಮುಖ ನೋಡ್ತಿದ್ದ. ನಾನು ಕಾಫಿ ತಂದಿಟ್ರೆ ಥ್ಯಾಂಕ್ಸ್ ಅಂತಿದ್ದ, ಬಟ್ಟಲ ಕಡೆ ನೋಡ್ಕೊಂಡು.

ನನಗೆ ಇಪ್ಪತ್ತೆರಡು ವರ್ಷ ಆಗಿತ್ತು ಆಗ. ಅಮ್ಮ ಹೋಗಿ ಮೂರು ವರ್ಷ, ಮನೆ ಪೂರ್ತಿ ನನ್ನ ಕೈಯಲ್ಲಿ. ಬೆಳಿಗ್ಗೆ ಹಸು, ಮಧ್ಯಾಹ್ನ ಹೊಲ, ಸಂಜೆ ಮತ್ತೆ ಹಸು. ಯಾರು ನನ್ನ ನೋಡ್ತಾರೆ, ಯಾರು ಬಿಡ್ತಾರೆ ಅಂತ ಯೋಚಿಸೋಕೆ ಪುರುಸೊತ್ತು ಎಲ್ಲಿತ್ತು.

ನಿನಗೆ ಹದಿನಾರಾದ ಆ ವರ್ಷ ಅಗಸೆ ಬಡಿಯೋ ದಿನ ಊರಿನವರೆಲ್ಲ ನಮ್ಮಲ್ಲಿ ಸೇರಿದ್ರು. ಅಂಗಳದ ಸ್ನಾನದ ಮನೆ ಸೌನಾ ಕಾಯಿಸಿ ಅದರೊಳಗೆ ಅಗಸೆ ಕಟ್ಟು ಒಣಗಿಸಿದ್ವಿ. ಅಂಗಳದಲ್ಲಿ ಸಾಲಾಗಿ ಬಡಿಯೋ ಮರ, ಹೆಂಗಸರು ಗಂಡಸರು ಸೇರಿ ಹದಿನಾಲ್ಕೋ ಹದಿನೈದೋ ಜನ, ಎಲ್ಲರ ತಲೆ ಮೇಲೂ ಧೂಳು. ಅರ್ವಿಯೂ ಬಂದ. ನಾರು ಒಯ್ಯೋಕೆ ಬಂದವನು ಅಂಗಿ ತೋಳು ಮಡಚಿ ಕೆಲಸಕ್ಕೇ ನಿಂತ. ಊಟದ ಹೊತ್ತಿಗೆ ಒಂದು ಹಿಡಿ ಎಳೆ ಎತ್ತಿ ಬೆಳಕಿಗೆ ಹಿಡಿದು, ಇದನ್ನ ಬಾಚಿದ್ಯಾರು, ಒಂದು ಚೂರು ತೊಗಟೆ ಇಲ್ಲ ಅಂದ. ನೀನು ಆ ತುದಿಯಿಂದ ಕೂಗಿ ಹೇಳಿದೆ, ರೊಶ್ತಿನ್ ಎಲ್ಲಾ ನಾನೇ ಬಾಚಿದ್ದು ಅಂತ. ಅವನು ನಕ್ಕ. ಒಳ್ಳೆ ನಗು. ಬರೋ ಭಾನುವಾರ ಅಪ್ಪನ ಹತ್ರ ಒಂದು ವಿಷಯ ಮಾತಾಡೋದಿದೆ, ಮನೇಲಿರ್ತಾರಾ ಅಂತ ನನ್ನ ಕೇಳಿದ. ನನ್ನನ್ನೇ ಕೇಳಿದ. ಇರ್ತಾರೆ ಅಂದೆ.

ಆಮೇಲೆ ನೀನು ಇನ್ನೊಂದು ಕಟ್ಟು ತರೋಕೆ ಅಂತ ಸೌನಾ ಒಳಗೆ ಹೋದೆ. ಆಗಲೇ ಆ ಕುಸ್ತಾ ಹಾಗೆ ಮಾಡಿದ್ದು.

ನಮ್ಮ ಆಳು ಕುಸ್ತಾ ಗೊತ್ತಲ್ಲ, ಯಾವಾಗಲೂ ಒಬ್ಬರನ್ನ ಅಣಕಿಸ್ತಾ ಇರ್ತಿದ್ದ. ನಿನ್ನ ದನಿ ಮಾಡಿ ರೊಶ್ತಿನ್ ಅಂದ. ಎಲ್ಲರೂ ನಕ್ರು. ದಣಿದ ಜನ, ಯಾವುದಕ್ಕೆ ಬೇಕಾದ್ರೂ ನಗ್ತಾರೆ. ನೀನು ಕಟ್ಟು ಹಿಡ್ಕೊಂಡು ಬಾಗಿಲಿಗೆ ಬಂದೆ, ಆಗಲೂ ನಗ್ತಾನೇ ಇದ್ರು. ಆಮೇಲೆ ಅದು ಹಬ್ಬಿತು, ಮಕ್ಕಳ ಬಾಯಿಗೆ ಬಿತ್ತು. ಒಂದು ಚಳಿಗಾಲ ಕಳೆಯೋದರೊಳಗೆ ಅಂಗಡಿಯವನೂ ಹಾಗೇ ಅಂತಿದ್ದ. ಈಗ ಎವೆಲೀನಾಗೆ ಅದು ಎಲ್ಲಿಂದ ಬಂತು ಅನ್ನೋದೇ ನೆನಪಿಲ್ಲ. ಅವಳ ಪಾಲಿಗೆ ಅದೇ ಸರಿಯಾದ ಪದ. ಕುಸ್ತಾ ಮಾಡಿದ್ದು ಅಂತ ಅವತ್ತೇ ರಾತ್ರಿ ನಿನಗೆ ಹೇಳಿದ್ದೆ. ನಿನ್ನ ಹಾಸಿಗೆ ಮೇಲೆ ಕೂತು ಹೇಳಿದ್ದೆ.

ಯಾಕೆ ನಿಲ್ಲಿಸಿದೆ? ಬಾಚು.

ಕುಸ್ತಾನೇ ಕಣೇ. ಅವನು ಹೋಗಿ ಮೂವತ್ತು ವರ್ಷ ಆಯ್ತು, ಸತ್ತವನ ಮೇಲೆ ಯಾಕೆ ಸುಳ್ಳು ಹೊರಿಸಲಿ. ನೀನು ಸೌನಾ ಒಳಗಿದ್ದೆ, ನಿನಗೆ ಹೇಗೆ ಕಾಣಬೇಕು. ಒಳಗೆ ಹೊಗೆ, ಕತ್ತಲೆ. ಆ ಸೌನಾಗೆ ಇದ್ದಿದ್ದೇ ಒಂದು ಅಂಗೈಯಗಲದ ಕಿಂಡಿ…

ಏನು ಮಾಡ್ತಿದ್ದೀಯ?

ತೈಮಿ, ಏನದು. ಬೆರಳು ತೆಗಿ.

ತುಟಿಯಿಂದ ಬೆರಳು ತೆಗಿ ತೈಮಿ. ಹಾಗೆ ಎತ್ತಿ ಹಿಡೀಬೇಡ. ನನ್ನ ಕಣ್ಣೆದುರಿಗೆ ಹಾಗೆ ಮಾಡ್ಬೇಡ. ನಿನ್ನ ತುಟಿ ಇರೋದೇ ಹಾಗಲ್ವಾ, ನೀನ್ಯಾಕೆ ಅದನ್ನ ಬೆರಳಲ್ಲಿ… ಬೆರಳಿಟ್ಟು ಎತ್ತಿ ತೋರಿಸಬೇಕಾದ್ದು ನೆಟ್ಟಗಿನ ತುಟಿಯವರು.

ಕಂಡಿತ್ತಾ ಹಾಗಾದ್ರೆ.

ಆ ಕಿಂಡಿಯಿಂದ. ಪೂರ್ತಿ ಕಂಡಿತ್ತಾ.

ಸ್ವಲ್ಪ ಇರು. ಕೂತ್ಕೋತೀನಿ.

ಹೌದು. ನಾನೇ. ನಾನೇ ಮಾಡಿದ್ದು. ಮೇಲ್ತುಟೀನ ಬೆರಳಲ್ಲಿ ಮೂಗಿನ ತನಕ ಎತ್ತಿ ಹಿಡ್ಕೊಂಡು, ನಿನ್ನ ದನಿಯಲ್ಲಿ, ಅರ್ವಿ ಮುಂದೆ ಹೋಗಿ ನಿಂತು ಅಂದೆ. ರೊಶ್ತಿನ್ ಬೇಕಾ ಅರ್ವಿ, ಜೊತೆಗೆ ನನ್ನನ್ನೂ ಕಟ್ಕೊಂಡು ಹೋಗು ಅಂತ. ಇಷ್ಟೇ ಅಂದಿದ್ದು. ಒಂದೇ ಸಲ. ಕುಸ್ತಾ ಆಮೇಲೆ ಅಂದ, ಅದು ನಿಜ, ಅವನು ಹತ್ತು ಸಲ ಅಂದ. ಆದ್ರೆ ಮೊದಲು ನಾನು. ನನ್ನಷ್ಟು ಚೆನ್ನಾಗಿ ನಿನ್ನ ದನಿ ಮಾಡೋಕೆ ಬೇರೆ ಯಾರಿಗೆ ಬರ್ತಿತ್ತು. ಹದಿನಾರು ವರ್ಷ ಪಕ್ಕದಲ್ಲೇ ಮಲಗಿ ಕೇಳಿದವಳು ನಾನು.

ಅವನೂ ನಕ್ಕ ಅಂತ ನಿನಗೆ ಗೊತ್ತಾ? ಕಿಂಡಿಯಿಂದ ಅವನ ಮುಖ ಕಾಣಿಸ್ತಾ? ಸ್ವಲ್ಪವೇ ನಕ್ಕಿದ್ದು. ಸುತ್ತ ಎಲ್ಲರೂ ನಗ್ತಿದ್ರಲ್ಲ. ನೀನು ಬಾಗಿಲಲ್ಲಿ ಕಂಡ ತಕ್ಷಣ ಮುಖ ಕೆಂಪಾಯ್ತು, ತಲೆ ತಗ್ಗಿಸಿದ. ಭಾನುವಾರ ಬರಲಿಲ್ಲ. ನಾಚಿಕೆ ಕಣೇ ಅವನಿಗೆ. ಮುಂದಿನ ವಸಂತದಲ್ಲಿ ಬಂದ, ಅಪ್ಪನ ಹತ್ರ ಮಾತಾಡಿದ, ನಾರು ತಗೊಂಡು ಹೋದ, ನಿನ್ನ ಬೆಂಚಿನ ಹತ್ರ ಸುಳಿಯಲಿಲ್ಲ. ನೀನು ಆಗಲೇ ಮಾತು ಬಿಟ್ಟಿದ್ದೆ. ನಾನು ಅವನನ್ನ ದೋಣಿ ತನಕ ಕಳಿಸಿ ಬಂದೆ. ಹಾಗೇ ಎರಡು ವರ್ಷ ಕಳಿಸಿ ಬಂದೆ, ಆಮೇಲೆ ನನ್ನನ್ನ ಕಟ್ಕೊಂಡ.

ಸುಖ ಪಟ್ಟೆ ಅಂತ ಅಂದ್ಕೊಂಡಿದ್ದೀಯಾ? ಇಪ್ಪತ್ತೊಂಬತ್ತು ವರ್ಷ ಒಬ್ಬರಿಗೊಬ್ಬರು ಕೆಟ್ಟ ಮಾತು ಆಡಲಿಲ್ಲ, ಅದು ನಿಜ. ಊಟಕ್ಕೆ ಕೂತ್ರೆ ಮೂರು ಜನ. ಒಬ್ಬಳು ಮಾತಾಡಲ್ಲ, ಇನ್ನೊಬ್ಬ ತಟ್ಟೆ ಬಿಟ್ಟು ತಲೆ ಎತ್ತಲ್ಲ, ಉಳಿದವಳು ನಾನು. ಮಾತಾಡಿದೆ. ಹವಾಮಾನ, ಹಸು, ಯಾರ ಮನೇಲಿ ಏನು. ಬಾಯಿ ಮುಚ್ಚಿದ್ರೆ ಆ ಮೇಜಿನ ಹತ್ರ ಕೂರೋಕಾಗ್ತಿರಲಿಲ್ಲ ತೈಮಿ. ನನ್ನ ಹುಲ್ಡಾಗೆ ಬಾಯಿ ಜಾಸ್ತಿ ಅಂತ ಅವನು ಎಲ್ಲರ ಹತ್ರ ಹೇಳ್ತಿದ್ದ.

ನಿನ್ನ ಗಂಟಲಿಗೆ ಏನೂ ಆಗಿಲ್ಲ ಅಂತ ಆಗ ನೋಡಿದ ಡಾಕ್ಟರ್ ಹೇಳಿದ್ದ. ಅವಳಿಗೆ ಬೇಕಾದಾಗ ಮಾತಾಡ್ತಾಳೆ ಅಂದಿದ್ದ. ಅಪ್ಪ ಅದನ್ನ ಕಾದು ಕಾದು ಸತ್ತ. ನಾನು ಕಾಯೋದು ಬಿಟ್ಟಿದ್ದೆ. ನಿಜ ಹೇಳಲಾ? ಬರದೇ ಇದ್ರೇ ಒಳ್ಳೇದು ಅನ್ನಿಸ್ತಿತ್ತು. ಬಾಯಿ ಬಿಟ್ರೆ ಮೊದಲು ಏನು ಹೇಳ್ತಾಳೋ ಅಂತ ಭಯ.

ಬಸ್ಸಿನ ಹತ್ರ ಮಳೆ ಮಾತು ಆಡಲಿಲ್ಲ ನಾವು. ಅದೂ ಸುಳ್ಳು.

ನಿನ್ನೆ ಹಾಲು ಕರೆಯೋ ಹೊತ್ತಿಗೆ ಆಯಮ್ಮ ಪೆಟ್ಟಿಗೆ ಹೊತ್ಕೊಂಡು ನಿನ್ನ ಹಿಂದೆ ಕೊಟ್ಟಿಗೆಗೆ ಬಂದ್ರಲ್ಲ. ಒಂದು ಗಂಟೆ ಆದ್ರೂ ಬರಲಿಲ್ಲ. ಹಸುವಿನ ದನಿ ಹಿಡೀತಿದ್ದಾರೇನೋ ಅಂದ್ಕೊಂಡೆ. ಬಕೆಟ್ ತರೋಕೆ ಅಂತ ಹೊರಟವಳು ಕೊಟ್ಟಿಗೆ ಗೋಡೆ ಪಕ್ಕ ಹೋದೆ. ಒಳಗೆ ಯಾರೋ ಮಾತಾಡ್ತಿದ್ರು. ಆಯಮ್ಮ ಅಲ್ಲ. ಯಾರೋ ಮುದುಕಿ. ಒಣಗಿದ ದನಿ, ನಿಧಾನ, ಒಂದೊಂದು ಪದಕ್ಕೂ ದಾರಿ ಹುಡುಕೋ ಹಾಗೆ. ಯಾರಪ್ಪಾ ಇವಳು, ಎವೆಲೀನಾ ಯಾವಾಗ ಬಂದ್ಲು ಅಂದ್ಕೊಂಡೆ. ಆ ಮುದುಕಿ ನಕ್ಕಳು ಒಂದ್ಸಲ. ಹೆಲ್ಸಿಂಕಿಯಲ್ಲಿ ಹಿಡಿದ ಬೇರೆ ಯಾರದೋ ದನೀನ ಪೆಟ್ಟಿಗೆಯಿಂದ ನಿನಗೆ ಕೇಳಿಸ್ತಿದ್ದಾರೇನೋ ಅಂದ್ಕೊಂಡು ವಾಪಸ್ಸು ಬಂದೆ. ಬಕೆಟ್ ತರೋದೂ ಮರೆತೆ.

ನನಗೆ ಗೊತ್ತಾಗಲಿಲ್ಲ ತೈಮಿ. ನಿನ್ನ ದನಿ ನನ್ನ ಕಿವಿಯಲ್ಲಿ ಹದಿನಾರು ವರ್ಷದ್ದೇ ಇತ್ತು. ಅದೂ ಮುದಿಯಾಗುತ್ತೆ ಅಂತ ನಾನು ಯೋಚಿಸೇ ಇರಲಿಲ್ಲ.

ಇವತ್ತು ಆ ಕಟ್ಟೆ ಮೇಲೆ ಕೂತು ಆಯಮ್ಮ ಹೇಳಿದ್ರು. ನಿಮ್ಮ ತಂಗಿ ನನ್ನ ಹತ್ರ ಎಲ್ಲಾ ಹೇಳಿದ್ರು ಅಂದ್ರು. ಯಾರು ಮೊದಲು ಅಂದದ್ದು, ಹೇಗೆ ಅಂದದ್ದು, ಎಲ್ಲಾ. ಬೈಯಲಿಲ್ಲ ನನ್ನ. ಬೈದಿದ್ರೆ ಎದ್ದು ಬರಬಹುದಿತ್ತು. ಅಜ್ಜಿ ಅಂತ ನೀವು ಹೇಳಿದ್ದು ಯಂತ್ರದಲ್ಲಿ ಇದೆ, ಅದನ್ನ ಅಳಿಸ್ತೀನಿ ಅಂದ್ರು. ಹಾಗಾದ್ರೆ ನಿಮ್ಮ ಏಳು ವರ್ಷದ ಹುಡುಕಾಟ ಏನಾಯ್ತು ಅಂತ ಕೇಳಿದೆ. ಊಹೆ ಅನ್ನೋ ಆ ನಕ್ಷತ್ರ ಹಾಗೇ ಇರುತ್ತೆ, ತೆಗೆಯೋಕಾಗಲ್ಲ ಅಂದ್ರು. ದುಃಖ ಆಗಿತ್ತು ಅವರಿಗೆ, ಕಾಣ್ತಿತ್ತು. ಕೈಚೀಲದ ಹಿಡಿ ತಿರುಗಿಸ್ತಾ ಇದ್ರು.

ಆ ಪದ ಬಿಸಾಡ್ತೀರಾ ಅಂತ ಕೇಳಿದೆ. ನೀನು ಬೇಡ ಅಂದ್ಯಂತೆ. ಅದನ್ನ ತೆಗೀಬೇಡಿ, ಅದು ನನ್ನ ಪದ ಅಂದ್ಯಂತೆ. ಹಾಗಾಗಿ ಒಂದು ಚೀಟಿಯಲ್ಲಿ ಬರೆದು ಇಡ್ತಾರಂತೆ. ರೊಶ್ತಿನ್, ಅಗಸೆಯ ಒರಟು ನಾರು, ಹೇಳಿದವರು ತೈಮಿ, ಹುಟ್ಟಿದ್ದು ಸಾವಿರದ ಒಂಬೈನೂರ ಮೂರು. ನನ್ನ ಹೆಸರು ಇರಲ್ಲ. ಊರಿನ ಹೆಸರೂ ಇರಲ್ಲ. ನಿನ್ನದು ಮಾತ್ರ.

ಇದನ್ನೆಲ್ಲ ಒಳಗೆ ಬಂದ ತಕ್ಷಣ ಹೇಳ್ಬೇಕಿತ್ತು ನಾನು. ದಾರೀಲೆಲ್ಲ ಅದೇ ಅಂದ್ಕೊಂಡು ಬಂದೆ. ಬಾಗಿಲು ತೆಗೆದೆ, ನೀನು ಬಾಚ್ತಾ ಕೂತಿದ್ದೆ, ಬಾಯಿಗೆ ಬಸ್ಸಿನ ಮಾತು ಬಂತು.

ಈಗ ನೀನು ಮಾತಾಡು.

ಅವರ ಹತ್ರ ಒಂದು ಗಂಟೆ ಮಾತಾಡಿದ್ದೀಯ. ನಿನ್ನೆ ಮೊನ್ನೆ ಬಂದವರ ಹತ್ರ. ನನ್ನ ಹತ್ರ ಒಂದು ಮಾತು ಆಡು. ಬೈಯಿ. ಹುಲ್ಡಾ ಅಂತ ಕರೆ, ಅಷ್ಟೇ ಸಾಕು. ಹುಲ್ಡಾದಲ್ಲಿರೋ ಹ್ ನಿನ್ನ ಬಾಯಲ್ಲಿ ಹೇಗೆ ಬರ್ತಿತ್ತು ಅಂತ ನನಗೆ ಗೊತ್ತು, ಶುಲ್ಡಾ ಅಂತಿದ್ದೆ. ಹಾಗೇ ಅನ್ನು. ತಪ್ಪಾಯ್ತು ಕಣೇ. ಇದನ್ನ ನಾನು ಒಂದ್ಸಲವೂ ಅಂದಿಲ್ಲ, ಅಲ್ವಾ? ಇಷ್ಟು ವರ್ಷ ಇಷ್ಟೊಂದು ಮಾತಾಡಿದ್ದೀನಿ, ಇದೊಂದು ಅಂದಿಲ್ಲ. ತಪ್ಪಾಯ್ತು. ಕೇಳಿಸ್ತಾ?

ಕೇಳಿಸ್ತು. ಗೊತ್ತು ನನಗೆ, ನಿನಗೆ ಎಲ್ಲಾ ಕೇಳಿಸುತ್ತೆ.

ನೀನು ಮೂಕಿ ಅಂತ ಊರಿಗೆಲ್ಲ ಹೇಳ್ಕೊಂಡು ತಿರುಗಿದೆ ನಾನು. ನಿನಗೆ ಮಾತು ಇತ್ತು, ನನಗೆ ಕೊಡೋಕೆ ಇರಲಿಲ್ಲ.

ಎಲ್ಲಿಗೆ ಎದ್ದೆ? ಹಾಲು ಕರೆಯೋ ಹೊತ್ತು ಆಯ್ತಾ. ಆಯ್ತು, ಹೌದು, ಹಸು ಮನ್ಸಿಕ್ಕಿ ಆಗಲೇ ಕೂಗ್ತಿದ್ದಾಳೆ. ಶಾಲು ಹೊದ್ಕೋ, ಹೊರಗೆ ಗಾಳಿ ಇದೆ. ನಾರು ಅಲ್ಲೇ ಬಿಡು, ನಾನು ಎತ್ತಿಡ್ತೀನಿ. ಇಲ್ಲ, ಮುಟ್ಟಲ್ಲ, ನೀನೇ ಬಂದು ಎತ್ಕೋ.

ತೈಮಿ, ನಿನ್ನೆ ನೀನು ನಕ್ಕೆಯಲ್ಲ ಕೊಟ್ಟಿಗೆಯಲ್ಲಿ. ಯಾವ ಮಾತಿಗೆ ನಕ್ಕಿದ್ದು?

ಆಯ್ತು. ಹೇಳ್ಬೇಡ. ಹಸುವಿನ ಹತ್ರ ಮಾತಾಡ್ತೀಯಾ ದಿನಾ? ಅದನ್ನೂ ಕೇಳಲ್ಲ. ಒಂದೇ ಒಂದು ಕೇಳ್ತೀನಿ. ಕೊಟ್ಟಿಗೆ ಬಾಗಿಲು ಪೂರ್ತಿ ಹಾಕ್ಕೋಬೇಡ. ನಾನು ಒಳಗೆ ಬರಲ್ಲ. ಅಂಗಳದಲ್ಲಿ ನಿಂತಿರ್ತೀನಿ, ಬಾವಿ ಹತ್ರ, ನಿನ್ನ ಕಣ್ಣಿಗೂ ಬೀಳಲ್ಲ. ಏನು ಹೇಳ್ತೀಯ ಅಂತ ಕೇಳೋಕಲ್ಲ. ದನಿ ಕೇಳೋಕೆ.

ಹೋದ್ಯಾ.

ನಿಧಾನ, ಮೆಟ್ಟಿಲು ಒದ್ದೆ ಇದೆ.

ಬಂದೆ ನಾನೂ. ಇಲ್ಲೇ ನಿಂತಿದ್ದೀನಿ ಕಣೇ, ಬಾವಿ ಹತ್ರ. ತೈಮಿ… ಬಾಗಿಲು. ಸ್ವಲ್ಪ ಬಿಡು ಅಂದೆನಲ್ಲ.

ಚಿಲಕವೂ ಹಾಕಿದ್ಯಾ.